ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ?

(ಸವಣೂರಿನಲ್ಲಿ ಈಚೆಗೆ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಪಠ್ಯ)

ತಾಯಂದಿರೇ, ಅಕ್ಕಂದಿರೇ, ಹಿಂದೆ ಬಾಗಿಲ ಬಳಿ ನಿಂತು ಕೇಳುತ್ತಿರುವ ಅಣ್ಣಂದಿರೇ,

ನನ್ನನ್ನು ಕರೆದವರು ‘ಕಾನೂನಿನಲ್ಲಿ ಹೆಣ್ಣಿಗೆ ಸಮಾನತೆ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ವಕೀಲಳಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರಿಕೆಗೆ ಬಂದವಳು. ಕೋರ್ಟು-ಕಚೇರಿ ಅಲೆದು ಸುದ್ದಿ ಬರೆಯುವುದು ನನ್ನ ಕೆಲಸ. ಆದ್ದರಿಂದ ಕಲಮುಗಳ ಪಟ್ಟಿ ಓದುವ ಗೋಜಿಗೆ ಹೋಗುವುದಿಲ್ಲ. ನಿಮಗೆಲ್ಲ ಗೊತ್ತಿರುವ ಒಂದು ಗಾದೆಯನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುತ್ತಾರೆ. ಈ ಗಾದೆಯನ್ನು ಅಜ್ಜಿಯರಷ್ಟೇ ಹೇಳಲಿಲ್ಲ. ನಮ್ಮ ಸರ್ಕಾರ, ನಮ್ಮ ಕಾಯ್ದೆ, ಕೆಲವೊಮ್ಮೆ ನಮ್ಮ ನ್ಯಾಯಾಲಯಗಳೂ ಬೇರೆ ಬೇರೆ ಮಾತುಗಳಲ್ಲಿ ಹೇಳಿವೆ. ಅದು ಹೇಗೆ ಹೇಳಿದವು, ಹೇಗೆ ಒಂದೊಂದಾಗಿ ಹಿಂದಕ್ಕೆ ಪಡೆದವು ಎಂಬುದೇ ಇಂದಿನ ಮಾತು.

ಮೊದಲು ನನ್ನ ತಾಯಿಯ ಕತೆ ಹೇಳಿಬಿಡುತ್ತೇನೆ. ಆಕೆಯ ಅನುಮತಿ ಪಡೆದೇ ಹೇಳುತ್ತಿದ್ದೇನೆ. ನನ್ನ ಅವ್ವನ ಮದುವೆ ನಡೆದದ್ದು 1994ರ ಮೇ ತಿಂಗಳಲ್ಲಿ. ಆಕೆಯ ತಂಗಿ, ನನ್ನ ಚಿಕ್ಕಮ್ಮನ ಮದುವೆ ಮರುವರ್ಷ. ಇಬ್ಬರೂ ಒಂದೇ ಹೊಲದಲ್ಲಿ ಕಳೆ ತೆಗೆದವರು, ಒಂದೇ ಹೊಲದಲ್ಲಿ ಹತ್ತಿ ಬಿಡಿಸಿದವರು. ಅಜ್ಜ 2001ರಲ್ಲಿ ತೀರಿಕೊಂಡ. ಹೊಲ ಸೋದರಮಾವನ ಸಾಗುವಳಿಯಲ್ಲಿ ಮುಂದುವರಿಯಿತು. 2016ರಲ್ಲಿ ಮಾವ ಪಂಚಮಿ ಹಬ್ಬಕ್ಕೆ ಅವ್ವನನ್ನು ಕರೆಯಲು ಬಂದಾಗ ಒಂದು ಮಾತು ಹೇಳಿದ. ಕೊಳವೆಬಾವಿಯ ಸಾಲಕ್ಕೆ ಬ್ಯಾಂಕಿನವರು ಉತಾರ ಸರಿಯಾಗಿರಬೇಕೆನ್ನುತ್ತಾರೆ, ಒಂದು ಸಹಿ ಬೇಕು ಎಂದ. ಅವ್ವ ಉಂಡಿಯ ಡಬ್ಬಿ ಕಟ್ಟಿಕೊಂಡು ಹೋದಳು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಬಂದಳು. ಅದು ಹಕ್ಕು ಬಿಡುಗಡೆ ಪತ್ರ. ತಾನು ಬಿಟ್ಟುಕೊಟ್ಟದ್ದು ಎಷ್ಟು ಎಂದು ಆಕೆ ಕೇಳಲಿಲ್ಲ. ಮಾವನೂ ಹೇಳಲಿಲ್ಲ. ಆತ ಕೆಟ್ಟವನಲ್ಲ. ನಿಜಕ್ಕೂ ಸಾಲದಲ್ಲಿದ್ದ. ಆದರೆ ಎಷ್ಟು ಎಂಬ ಆ ಪ್ರಶ್ನೆಗೆ ಉತ್ತರ ತಿಳಿಯಬೇಕಾದರೆ ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಕಲ್ಯಾಣದಲ್ಲಿ ಬರೆದ ಕಾನೂನು

ಹಿಂದೂ ಅವಿಭಕ್ತ ಕುಟುಂಬದಲ್ಲಿ ಪಿತ್ರಾರ್ಜಿತ ಆಸ್ತಿಯ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ ಎಂಬ ಸಿದ್ಧಾಂತಕ್ಕೆ ಆಧಾರವಾದ ಗ್ರಂಥ ‘ಮಿತಾಕ್ಷರ’. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗಕ್ಕೆ ಅದೇ ಪ್ರಮಾಣವಾಯಿತು. ಇದನ್ನು ಬರೆದ ವಿಜ್ಞಾನೇಶ್ವರ ನಮ್ಮ ನಾಡಿನವನು. ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಯಾಜ್ಞವಲ್ಕ್ಯ ಸ್ಮೃತಿಗೆ ಆತ ಬರೆದ ವ್ಯಾಖ್ಯಾನವಿದು. ಮಗ, ಮೊಮ್ಮಗ, ಮರಿಮಗ ಇವರಿಗೆ ಹುಟ್ಟಿದ ಗಳಿಗೆಯಿಂದಲೇ ಪಾಲು. ಮಗಳಿಗೆ ಆ ಸಾಲಿನಲ್ಲಿ ಜಾಗವಿಲ್ಲ.

ಹಾಗೆಂದು ವಿಜ್ಞಾನೇಶ್ವರನನ್ನು ಬರೀ ದೂರುವುದೂ ಸರಿಯಲ್ಲ. ಸ್ತ್ರೀಧನಕ್ಕೆ ಆತ ಕೊಟ್ಟ ಅರ್ಥ ವಿಶಾಲವಾದದ್ದು. ಹೆಣ್ಣಿಗೆ ವಾರಸಿನಿಂದ, ಖರೀದಿಯಿಂದ, ಪಾಲಿನಿಂದ ಬಂದದ್ದೆಲ್ಲ ಆಕೆಯ ಸ್ವಂತದ್ದೇ ಎಂದು ಆತ ಬರೆದ. ಇಂಗ್ಲಿಷರ ಕಾಲದಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಈ ಅರ್ಥವನ್ನು ಕಿರಿದುಗೊಳಿಸಿತು. ಸಾವಿರ ವರ್ಷ ಹಿಂದಿನ ಗ್ರಂಥವೇ ಹೆಣ್ಣಿಗೆ ಅಡ್ಡಿ ಎಂದು ನಾವು ತಿಳಿದಿರುತ್ತೇವೆ. ಆದರೆ ಎಷ್ಟೋ ಅಡ್ಡಿಗಳು ನಿನ್ನೆ ಮೊನ್ನೆ ಹಾಕಿದವು.

ಸುಧಾರಣೆಯ ಆರಂಭದ ಹೆಜ್ಜೆಗಳಲ್ಲಿ ಒಂದು ಕನ್ನಡ ನೆಲದಲ್ಲೇ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆಯನ್ನು ತಂದಿತು. ಆಸ್ತಿ ಹಿಸ್ಸೆಯಾಗುವಾಗ ತಾಯಿಗೂ, ವಿಧವೆಗೂ, ಮಗಳಿಗೂ ಪಾಲು ಕೊಡಬೇಕೆಂದಿತು. ಮಗಳ ಪಾಲು ಅಣ್ಣನ ಪಾಲಿನ ನಾಲ್ಕನೇ ಒಂದು ಭಾಗ. ಅದೂ ಮದುವೆಯಾಗದ ಮಗಳಿಗೆ ಮಾತ್ರ! ಗಾದೆ ಕಾಯ್ದೆಯಾಗಿ ಬಂದದ್ದು ಹೀಗೆ.

ಸವಣೂರಿಗೆ ಆ ನಾಲ್ಕನೇ ಒಂದು ಭಾಗವೂ ಬರಲಿಲ್ಲ. ಆಗ ಇದು ನವಾಬರ ಸಂಸ್ಥಾನ. ಸುತ್ತಲಿನ ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. 1948ರಲ್ಲಿ ಸವಣೂರು ಮುಂಬಯಿಗೆ ಸೇರಿತು. 1956ರಲ್ಲಿ ಕನ್ನಡ ಮಾತನಾಡುವ ಈ ಪ್ರದೇಶವೆಲ್ಲ ವಿಶಾಲ ಮೈಸೂರಿನೊಳಗೆ ಬಂತು. ಅದೇ ವರ್ಷ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಬಂತು.

ಹನ್ನೆರಡು ಎಕರೆಯ ಲೆಕ್ಕ

ಈ ಕಾಯ್ದೆ ಸುಲಭವಾಗಿ ಬರಲಿಲ್ಲ. ಮಂಗಳೂರಿನ ಬಿ.ಎನ್. ರಾವ್ ಅವರ ಅಧ್ಯಕ್ಷತೆಯ ಸಮಿತಿ ಸ್ವಾತಂತ್ರ್ಯಕ್ಕೆ ಮೊದಲೇ ಹಿಂದೂ ಕಾನೂನಿನ ಕರಡು ಸಿದ್ಧಪಡಿಸಿತ್ತು. ಡಾ. ಅಂಬೇಡ್ಕರ್ ಅವರು ಕಾನೂನು ಮಂತ್ರಿಯಾಗಿ ಹಿಂದೂ ಸಂಹಿತೆಯ ಮಸೂದೆಯನ್ನು ಮುಂದಕ್ಕೆ ತಂದರು. ಅದು ನೆನೆಗುದಿಗೆ ಬಿದ್ದಾಗ 1951ರಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಮಸೂದೆಯನ್ನು ತುಂಡು ತುಂಡಾಗಿ ಅಂಗೀಕರಿಸಲಾಯಿತು. 1956ರ ಕಾಯ್ದೆ ತಂದೆಯ ಸ್ವಂತ ಗಳಿಕೆಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿತು. ಹೆಣ್ಣಿನ ಹೆಸರಿನಲ್ಲಿರುವ ಆಸ್ತಿಗೆ ಆಕೆಯೇ ಪೂರ್ಣ ಒಡತಿ ಎಂದೂ ಹೇಳಿತು. ಆದರೆ ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿ ಹಳೆಯ ಪದ್ಧತಿಯನ್ನು ಉಳಿಸಿಬಿಟ್ಟಿತು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ನೋಡೋಣ. ಒಬ್ಬ ತಂದೆಗೆ ಹಿರಿಯರಿಂದ ಬಂದ 12 ಎಕರೆ ಹೊಲ, ಒಬ್ಬ ಮಗ, ಒಬ್ಬ ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡ. ಹಳೆಯ ಪದ್ಧತಿಯಂತೆ ಮೊದಲು ತಂದೆ-ಮಗನಿಗೆ ತಲಾ 6 ಎಕರೆ ಎಂದು ಲೆಕ್ಕ ಹಾಕಬೇಕು. ಆಮೇಲೆ ತಂದೆಯ 6 ಎಕರೆ ಮಾತ್ರ ಇಬ್ಬರು ಮಕ್ಕಳಿಗೆ ಸಮನಾಗಿ ಹಂಚಿಕೆ. ಕೊನೆಗೆ ಮಗನಿಗೆ 9 ಎಕರೆ, ಮಗಳಿಗೆ 3. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಮೂರಕ್ಕೆ ಒಂದು! ತಂದೆಯ ಮನೆಯಲ್ಲಿ ಪಾಲಿದ್ದರೂ ಗಂಡುಮಕ್ಕಳು ಹಿಸ್ಸೆ ಮಾಡಿಕೊಳ್ಳುವವರೆಗೆ ಅದನ್ನು ಬೇರೆ ಮಾಡಿಕೊಡಿ ಎಂದು ಮಗಳು ಕೇಳುವಂತಿರಲಿಲ್ಲ.

ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು ಆಂಧ್ರಪ್ರದೇಶ 1986ರಲ್ಲಿ ತಿದ್ದುಪಡಿ ಮಾಡಿತು. ತಮಿಳುನಾಡು ಹಿಂಬಾಲಿಸಿತು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಈ ಲೆಕ್ಕದಲ್ಲಿ ತಂದೆ, ಮಗ, ಮಗಳು ತಲಾ 4 ಎಕರೆ. ತಂದೆಯ 4 ಎಕರೆ ಮತ್ತೆ ಇಬ್ಬರಿಗೂ ಸಮ. ಕೊನೆಗೆ ಮಗನಿಗೆ 6, ಮಗಳಿಗೆ 6. ಇದು ಸಮಾನತೆ. ಆದರೆ ಕಾಯ್ದೆಗೆ ಒಂದು ಬಾಲ ಇತ್ತು. ಜಾರಿಗೆ ಬರುವ ಮೊದಲು ಮದುವೆಯಾದ ಮಗಳಿಗೆ ಇದು ಅನ್ವಯಿಸದು!

ನನ್ನ ಅವ್ವನ ಲಗ್ನಪತ್ರಿಕೆಯಲ್ಲಿ ಮೇ ತಿಂಗಳಿದೆ. ಚಿಕ್ಕಮ್ಮನದು ಮರುವರ್ಷದ್ದು. ಹೀಗಾಗಿ ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಕುಲದ ಒಳಗೆ, ಒಬ್ಬಳು ಹೊರಗೆ. ಭಟ್ಟರು ಹುಡುಕಿಕೊಟ್ಟ ಮುಹೂರ್ತ ಹೊಲದ ಪಾಲನ್ನೂ ನಿರ್ಧರಿಸಿಬಿಟ್ಟಿತು.

ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿ ಇದೆ. ತಂದೆ-ತಾಯಿಯನ್ನು ಸಾಕುವ ಹೊಣೆ ಮದುವೆಯಾದ ಮಗಳಿಗೂ ಇದೆ ಎಂದು ಸುಪ್ರೀಂ ಕೋರ್ಟು 1987ರಲ್ಲೇ ತೀರ್ಪು ಕೊಟ್ಟಿತ್ತು. ಅಂದರೆ ಹೊಣೆ ಹೊರುವಾಗ ಕೊಟ್ಟ ಹೆಣ್ಣು ಒಳಗೆ, ಪಾಲು ಕೇಳುವಾಗ ಹೊರಗೆ. 2007ರಲ್ಲಿ ಬಂದ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯೂ ಮಗ-ಮಗಳು ಎಂಬ ಭೇದ ಮಾಡಿಲ್ಲ.

ನೌಕರಿಯಲ್ಲೂ ಅದೇ ಗಾದೆ

ಹೊಲಮನೆಯ ವಿಷಯ ಸ್ವಲ್ಪ ಬದಿಗಿರಲಿ. ಸರ್ಕಾರಿ ನೌಕರಿಯಲ್ಲಾದರೂ ಬೇರೆ ನ್ಯಾಯವಿತ್ತೇ? ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಆ ಸೇವೆಗೆ ಸೇರಿದ ದೇಶದ ಮೊದಲ ಮಹಿಳೆ ಅವರು. ಮುಂದೆ ಹಂಗರಿಗೆ ರಾಯಭಾರಿಯಾದರು. ಅವರ ಸೇವೆಯ ನಿಯಮ ಹೇಗಿತ್ತೆಂದರೆ, ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅಪ್ಪಣೆ ಪಡೆಯಬೇಕು. ಮದುವೆಯಾದ ಮೇಲೆ ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಬೇಕು. ಮದುವೆಯಾದ ಹೆಣ್ಣಿಗೆ ನೇಮಕಾತಿಯನ್ನು ಹಕ್ಕಿನಿಂದ ಕೇಳುವ ಅವಕಾಶವೂ ಇರಲಿಲ್ಲ. ಪುರುಷ ಅಧಿಕಾರಿಗೆ ಇಂಥ ಯಾವ ಷರತ್ತೂ ಇರಲಿಲ್ಲ.

ಬಡ್ತಿ ತಪ್ಪಿಸಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿದ್ದಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು. ಆ ನಿಯಮಗಳನ್ನು ಕೈಬಿಡಲಾಗುತ್ತಿದೆ ಎಂದೂ ತಿಳಿಸಿತು. ಹಾಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನೆ ವಜಾ ಮಾಡಲಿಲ್ಲ. ಸಂಸಾರದ ಹೊರೆ ಹೆಂಗಸಿನ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿನ ಕೆಲಸಕ್ಕೂ ಆಗಬಹುದಲ್ಲ ಎಂಬ ಅರ್ಥದ ಮಾತು ಬರೆದರು. ಲಿಂಗಭೇದದ ಕಲೆ ಉಳಿದಿರುವ ಎಲ್ಲ ಸೇವಾ ನಿಯಮಗಳನ್ನೂ ಪರಿಶೀಲಿಸಿ ತಿದ್ದಬೇಕೆಂದು ಸರ್ಕಾರಕ್ಕೆ ಹೇಳಿದರು. ಸಂವಿಧಾನದ 14, 15 ಮತ್ತು 16ನೇ ವಿಧಿಗಳು 1950ರಿಂದಲೇ ಇದ್ದವು. ಅವು ಒಬ್ಬ ಹೆಣ್ಣುಮಗಳ ಕೈಗೆ ಸಿಗಲು ಸುಮಾರು 30 ವರ್ಷ ಬೇಕಾಯಿತು.

ಅಲ್ಲಿಗೆ ಮುಗಿಯಿತೆ? ಇಲ್ಲ. ನೌಕರಿಯಲ್ಲಿದ್ದಾಗ ತೀರಿಕೊಂಡವರ ಮಕ್ಕಳಿಗೆ ಅನುಕಂಪದ ಮೇಲೆ ಕೆಲಸ ಕೊಡುವ ನಮ್ಮ ರಾಜ್ಯದ 1996ರ ನಿಯಮ ನೋಡಿ. ಮಗನಿಗೆ ಮದುವೆಯಾಗಿದ್ದರೂ ಅರ್ಹತೆ ಉಂಟು. ಮಗಳು ಮಾತ್ರ ‘ಅವಿವಾಹಿತ’ ಆಗಿರಬೇಕು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಯಾಗಿದ್ದವರೊಬ್ಬರ ಮಗಳು ಇದನ್ನು ಪ್ರಶ್ನಿಸಿದರು. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ಒಂದು ಪದ ಸಂವಿಧಾನಬಾಹಿರ ಎಂದು ತೆಗೆದುಹಾಕಿತು. ಮುತ್ತಮ್ಮ ಪ್ರಕರಣವಾಗಿ ಆಗಲೇ 41 ವರ್ಷ!

ಬೆಳಗಾವಿಯಿಂದ ದಿಲ್ಲಿಗೆ

ಈಗ ಮತ್ತೆ ಹೊಲಕ್ಕೆ ಬರೋಣ. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಇಡೀ ದೇಶದಲ್ಲಿ ಮಗಳು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳು. ಮದುವೆಯಾದವಳು, ಆಗದವಳು ಎಂಬ ಭೇದ ಹೋಯಿತು. ಮನೆಯ ಪಾಲು ಕೇಳಬಾರದೆಂಬ ನಿರ್ಬಂಧವೂ ಹೋಯಿತು. ಸಾಲದ ಹೊಣೆಯೂ ಮಗನಂತೆಯೇ. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆಗಿಹೋದ ವಾಟ್ನಿ, ವಿಕ್ರಿಗಳನ್ನು ಮಾತ್ರ ಅಲುಗಿಸುವಂತಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯಿತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೆ? ಈ ಪ್ರಶ್ನೆಯನ್ನು ದಿಲ್ಲಿಯವರೆಗೆ ಒಯ್ದದ್ದು ನಮ್ಮ ಬೆಳಗಾವಿಯ ಕೋರ್ಟಿನಲ್ಲಿ 1992ರಲ್ಲಿ ಹೂಡಿದ ಒಂದು ದಾವೆ. ಕಾನೂನಿನ ಪುಸ್ತಕಗಳಲ್ಲಿ ಅದು ಫೂಲವತಿ ಪ್ರಕರಣ. ಆ ತಂದೆ 1988ರಲ್ಲಿ ತೀರಿಕೊಂಡಿದ್ದರು. ಹೈಕೋರ್ಟು ಮಗಳ ಪರವಾಗಿ ಹೇಳಿತು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. 2005ರ ಆ ದಿನ ತಂದೆಯೂ ಬದುಕಿರಬೇಕು, ಮಗಳೂ ಬದುಕಿರಬೇಕು ಎಂದಿತು. 2018ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣ, ದಾನಮ್ಮ ಪ್ರಕರಣ ಬಂತು. ಅಲ್ಲಿ ತಂದೆ 2001ರಲ್ಲಿ ತೀರಿಕೊಂಡಿದ್ದರು. ನೀವು 1956ಕ್ಕಿಂತ ಮೊದಲು ಹುಟ್ಟಿದವರು, ಪಾಲಿಲ್ಲ ಎಂದು ಕೆಳಗಿನ ಕೋರ್ಟು ಹೆಣ್ಣುಮಕ್ಕಳಿಗೆ ಹೇಳಿತ್ತು. ಸುಪ್ರೀಂ ಕೋರ್ಟಿನ ಬೇರೊಂದು ಪೀಠ ಅವರಿಗೆ ಐದನೇ ಒಂದು ಪಾಲು ಕೊಟ್ಟಿತು.

ಎರಡು ತೀರ್ಪು, ಎರಡು ದಾರಿ. ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರಂದು. ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು. 2005ರಲ್ಲಿ ತಂದೆ ಬದುಕಿದ್ದನೇ ಎಂದು ಕೇಳಬೇಕಾಗಿಲ್ಲ. ಬಾಯಿಮಾತಿನಲ್ಲಿ ಹಿಂದೆಯೇ ವಾಟ್ನಿ ಆಗಿದೆ ಎಂಬ ಸಮಜಾಯಿಷಿಯನ್ನೂ ಸುಲಭಕ್ಕೆ ಒಪ್ಪಬಾರದು.

ಈಗ ನನ್ನ ಅವ್ವನ ಸಹಿಯ ತಾರೀಖು ನೆನಪಿಸಿಕೊಳ್ಳಿ. 2016. ಮದುವೆ 1994ರ ಮೇ, ಆದ್ದರಿಂದ ರಾಜ್ಯದ ತಿದ್ದುಪಡಿ ಆಕೆಗೆ ಸಿಗಲಿಲ್ಲ. ತಂದೆ ತೀರಿದ್ದು 2001, ಆದ್ದರಿಂದ 2015ರ ತೀರ್ಪಿನಂತೆ ಕೇಂದ್ರದ ತಿದ್ದುಪಡಿಯೂ ಇಲ್ಲ. ನಿನಗೆ ಹೇಗೂ ದೊಡ್ಡ ಪಾಲಿಲ್ಲ, ಸಹಿ ಹಾಕಿಬಿಡು ಎಂದು ತಿಳಿದವರೂ ಹೇಳಿದರು. ಆ ದಿನದ ಮಟ್ಟಿಗೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕು ವರ್ಷದ ಮೇಲೆ, ಅವ್ವ ಹುಟ್ಟಿನಿಂದಲೇ ಸಮಪಾಲಿನ ಹಕ್ಕುದಾರಳಾಗಿದ್ದಳು ಎಂದು ಸುಪ್ರೀಂ ಕೋರ್ಟು ಹೇಳಿತು. ಅಷ್ಟರಲ್ಲಿ ಆಕೆ ಸಹಿ ಹಾಕಿ ಕೊಟ್ಟಾಗಿತ್ತು. ನಾನು ಆ ತೀರ್ಪನ್ನು ಓದಿ ಹೇಳಿದಾಗ ಅವ್ವ ಮಾವನನ್ನು ಬಯ್ಯಲಿಲ್ಲ, ಅಳಲೂ ಇಲ್ಲ. "ಹಂಗಾದ್ರ ಆ ಹೊಲದಾಗ ನಂದೂ ಇತ್ತೇನು?" ಎಂದು ಕೇಳಿದಳು. ಅಷ್ಟೇ. ಈ ವಿಷಯವನ್ನು ನಾನು ಎಲ್ಲಿ ಕರೆದರೂ ಹೋಗಿ ಹೇಳುವುದು ಆ ಒಂದು ಪ್ರಶ್ನೆಯಿಂದಾಗಿ.

ತವರು ಮತ್ತು ಪಾಲು

ನಿಮ್ಮ ಮನಸ್ಸಿನಲ್ಲಿರುವ ಮಾತು ನನಗೆ ಗೊತ್ತು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಉಡಿ ತುಂಬುವವರಿಲ್ಲ. ನಾಳೆ ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಿ ನಿಲ್ಲಲು ಜಾಗವಿರುವುದಿಲ್ಲ. ಇದು ಸುಳ್ಳು ಭಯವಲ್ಲ. ತವರು ನಮಗೆ ಬರೀ ಹಬ್ಬವಲ್ಲ, ಅದೇ ನಮ್ಮ ವಿಮೆ. ಆದರೆ ಒಂದು ಮಾತು ಯೋಚಿಸಿ. ಅಣ್ಣ ತನ್ನ ಪಾಲು ಪಡೆದರೆ ತವರಿಗೆ ಹೊರಗಾಗುವುದಿಲ್ಲ. ತಮ್ಮ ವಾಟ್ನಿ ಮಾಡಿಕೊಂಡು ಬೇರೆ ಮನೆ ಕಟ್ಟಿದರೂ ಹಬ್ಬಕ್ಕೆ ಬರುತ್ತಾನೆ. ತಂಗಿ ಕೇಳಿದರೆ ಮಾತ್ರ ಸಂಬಂಧ ಏಕೆ ಮುರಿಯಬೇಕು?

ವರದಕ್ಷಿಣೆ ಕೊಟ್ಟಿದ್ದೇವಲ್ಲ, ಅದೇ ಪಾಲು ಎನ್ನುವವರೂ ಇದ್ದಾರೆ. ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು 1961ರಿಂದಲೇ ಅಪರಾಧ. ಅದು ಹೋಗುವುದು ಬೀಗರ ಕೈಗೆ, ಮಗಳ ಹೆಸರಿಗಲ್ಲ. ಬೀಗರಿಗೆ ಕೊಟ್ಟದ್ದನ್ನು ಮಗಳ ಲೆಕ್ಕಕ್ಕೆ ಬರೆಯುವುದು ಯಾವ ನ್ಯಾಯ?

ಇಲ್ಲಿರುವ ಮುಸ್ಲಿಂ ಅಕ್ಕಂದಿರಿಗೂ ಒಂದು ಮಾತು. ಮುಸ್ಲಿಂ ಕಾನೂನಿನಲ್ಲಿ ಹುಟ್ಟಿನಿಂದ ಹಕ್ಕು ಎಂಬುದು ಮಗನಿಗೂ ಇಲ್ಲ. ತಂದೆ ತೀರಿದ ಮೇಲೆ ಮಗಳಿಗೆ ಗೊತ್ತಾದ ಪಾಲಿದೆ, ಮಗನದರ ಅರ್ಧ. ಅರ್ಧ ಎಂಬುದು ಸಮಾನತೆಯಲ್ಲ ಎಂಬ ಚರ್ಚೆ ಬೇರೆ. ಧರ್ಮವೇ ಕೊಟ್ಟ ಆ ಅರ್ಧವನ್ನೂ ಸಹೋದರನ ಮುಖ ನೋಡಿ ಬಿಟ್ಟುಕೊಡುವುದು ನಿಮ್ಮಲ್ಲೂ ಇದೆಯಲ್ಲವೆ?

ನಿಮ್ಮಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯರೂ ಇದ್ದೀರಿ. ಕರ್ನಾಟಕ 1983ರ ಕಾಯ್ದೆಯಲ್ಲೇ ಪಂಚಾಯಿತಿಗಳಲ್ಲಿ ಹೆಣ್ಣಿಗೆ ಶೇ 25 ಸ್ಥಾನ ಇಟ್ಟಿತು. 1993ರಲ್ಲಿ ಅದು ಮೂರನೇ ಒಂದಾಯಿತು. 2010ರಲ್ಲಿ ಅರ್ಧವಾಯಿತು. ಊರಿನ ಕೆರೆ, ರಸ್ತೆ, ಮನೆ ಹಂಚಿಕೆಗೆ ಸಹಿ ಹಾಕುವ ಕೈ ತವರಿನ ಕಾಗದದ ಮುಂದೆ ಬಂದಾಗ ಓದದೆ ಸಹಿ ಹಾಕಬಾರದು. ನಾನು ಕೇಳುವುದು ಇಷ್ಟೇ.

ಸಹಿಗೆ ಮುಂಚೆ

ಕೊನೆಯದಾಗಿ ಕೆಲಸಕ್ಕೆ ಬರುವ ನಾಲ್ಕು ಮಾತು. ತಂದೆ ತೀರಿದ ಮೇಲೆ ವಾರಸಾ ಮಾಡಿಸುವಾಗ ಕೊಡುವ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ಎಂದು ನೋಡಿ. ಹೆಸರು ಬಿಟ್ಟಿದ್ದರೆ ತಹಶೀಲ್ದಾರ್ ಕಚೇರಿಗೆ ಲಿಖಿತ ತಕರಾರು ಕೊಡಿ. ಎರಡನೆಯದು, ಜಮೀನಿನ ಹಕ್ಕು ಬಿಡುಗಡೆ ಪತ್ರ ನೋಂದಣಿಯಾಗಲೇಬೇಕು. ಅಂದರೆ ನೀವು ಸಬ್ ರಿಜಿಸ್ಟ್ರಾರ್ ಮುಂದೆ ನಿಲ್ಲುವವರೆಗೆ ಸಮಯವಿದೆ. ಅದನ್ನು ಮೊದಲೇ ಮನೆಗೆ ತರಿಸಿ, ಓದಿಸಿ, ಎಷ್ಟು ಎಕರೆ ಎಷ್ಟು ಗುಂಟೆ ಎಂದು ಕೇಳಿ. ಮೂರನೆಯದು, ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಾಗಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗಬೇಕು. ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು.

ನಾಲ್ಕನೆಯದು, ನಿಮ್ಮ ಹೆಸರಿನ ಆಸ್ತಿಗೆ ಮೃತ್ಯುಪತ್ರ ಬರೆದಿಡಿ. ಏಕೆಂದರೆ 2005ರ ತಿದ್ದುಪಡಿ ಮುಟ್ಟದೇ ಬಿಟ್ಟ ಒಂದು ಕಲಮು 1956ರ ಕಾಯ್ದೆಯಲ್ಲಿದೆ, 15ನೆಯದು. ಗಂಡನೂ ಮಕ್ಕಳೂ ಇಲ್ಲದ ಹಿಂದೂ ಹೆಣ್ಣುಮಗಳು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಆಕೆ ದುಡಿದು ಗಳಿಸಿದ್ದು ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಹೆತ್ತ ತಾಯಿ-ತಂದೆಯ ಸರದಿ ಆಮೇಲೆ. ಗಂಡಸು ತೀರಿಕೊಂಡರೆ ಆತನ ಆಸ್ತಿ ಹೆಂಡತಿಯ ತವರಿಗೆ ಹೋಗುವುದಿಲ್ಲ. ನೋಡಿ, ಗಾದೆ ಇನ್ನೂ ಒಂದು ಮೂಲೆಯಲ್ಲಿ ಕುಳಿತಿದೆ.

ಪಾಲು ಬಿಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಅಣ್ಣ ಕಷ್ಟದಲ್ಲಿದ್ದರೆ ಪ್ರೀತಿಯಿಂದ ಬಿಟ್ಟುಕೊಡಿ. ಅದು ನಿಮ್ಮ ದೊಡ್ಡತನ. ಆದರೆ ನನ್ನದು ಎಂದು ತಿಳಿದು ಕೊಟ್ಟರೆ ಮಾತ್ರ ಅದು ಕೊಡುಗೆ. ಇಲ್ಲದ್ದೆಂದು ನಂಬಿಸಿ ಪಡೆದದ್ದು ಕೊಡುಗೆಯಲ್ಲ. ನನ್ನ ಅವ್ವ ಈಗಲೂ ಪಂಚಮಿಗೆ ತವರಿಗೆ ಹೋಗುತ್ತಾಳೆ. ಕಳೆದ ಸಲ ಹೋದಾಗ ಹೊಲದ ಬದುವಿನ ಮೇಲೆ ಸ್ವಲ್ಪ ಹೊತ್ತು ನಿಂತಿದ್ದಳಂತೆ. ಬಂದು ನನಗೆ ಹೇಳಿದ್ದು ಒಂದೇ ಮಾತು, "ಗೋವಿನಜೋಳ ಈ ವರ್ಷ ಛಲೋ ಬಂದೈತಿ."